ದಣಿದವರಿಗೆ ಹೊಂದುವ ಗಾಡಿ

ಚಿದ್ರಿ, ಬೀದರ
11 ಆಗಸ್ಟ್ 2024

ಸಿದ್ದಕ್ಕನಿಗೆ ರುಖ್ಸಾರಳ ಸಲಾಮು.

ನನ್ನ ಅಕ್ಷರ ನೋಡಿ ನಗಬೇಡ ಅಕ್ಕಾ. ಐದನೆಯ ಇಯತ್ತೆಗೆ ಸಾಲೆ ಬಿಟ್ಟ ಮೇಲೆ ನಾನು ಪೆನ್ನು ಹಿಡಿದದ್ದು ಭಾಯಿಯ ಅಂಗಡಿ ಗೋಡೆಗೆ ‘ಚಪ್ಪಲಿ ಹೊರಗೆ ಬಿಡಿರಿ’ ಎಂದು ಬರೆಯಲು ಮಾತ್ರ. ಅದರಲ್ಲೂ ಒಂದು ಒತ್ತು ತಪ್ಪಿ, ನೀನು ತಿದ್ದಿದ್ದೆ. ಇಲ್ಲಿಯೂ ತಪ್ಪುಗಳಿರುತ್ತವೆ, ತಿದ್ದಿಕೊಂಡು ಓದು. ಹಾಸಿಗೆ ಹಿಡಿದ ನನ್ನ ಅಜ್ಜಿ, ದಾದಿಯ ಮಂಚದ ಅಂಚಿಗೆ ಕೂತು ಬರೆಯುತ್ತಿದ್ದೇನೆ. ಅವಳು ಮಗ್ಗಲು ಬದಲಿಸಿದಾಗಲೆಲ್ಲ ಸಾಲು ಸೊಟ್ಟ ಆಗುತ್ತದೆ.

ಫೋನು ಮಾಡಬಹುದಿತ್ತು. ಮಾಡಿಯೂ ನೋಡಿದೆ. ಡಾಬಕಾದ ನಿಮ್ಮ ಮನೆಯಲ್ಲಿ ಇರುವುದೊಂದೇ ಫೋನು, ಅದು ನಿಮ್ಮ ಮಾವನ ಜೇಬಿನಲ್ಲಿ. ಅವರು ಸ್ಪೀಕರ್ ಹಚ್ಚಿ ನಿನ್ನ ಮುಂದೆ ಹಿಡಿಯುತ್ತಾರೆ. ನೀನು “ಆರಾಮ ಇದ್ದೇನಿ, ನೀವೆಲ್ಲಾ ಆರಾಮ ಇದ್ದೀರಿ?” ಎಂದು ಪರವೂರಿನವರೊಡನೆ ಮಾತಾಡಿದ ಹಾಗೆ ಮಾತಾಡಿದೆ. ಫೋನು ಇಟ್ಟು ಪೆನ್ನು ಹುಡುಕಿದೆ.

ಹೋದ ವರ್ಷ ನೀನು, ನಿನ್ನ ಗಂಡ ಅನೀಲಣ್ಣ ನಮ್ಮ ಮನೆ ಹಿಂದಿನ ಬಾಡಿಗೆ ಖೋಲಿ ಬಿಟ್ಟು ಹೋದಾಗ ಒಂದು ಕಪ್ ಚಹಾ ಸಹ ಕುಡಿಯಲಿಲ್ಲ. ಯಾಕೆಂದು ನಾನು ಕೇಳಲಿಲ್ಲ, ನೀನು ಹೇಳಲಿಲ್ಲ. ಅದಕ್ಕೆ ಒಂದು ವಾರ ಮೊದಲು ನಾವಿಬ್ಬರೂ ಭಾಯಿಯ ಅಂಗಡಿಯ ಗೇಮಿನ ಕುರ್ಚಿಯಲ್ಲಿ, ಪರದೆಯ ಮೇಲಿನ ಆರು ತಾಸಿನ ಕಾರು ಓಟಕ್ಕೆ ಕೂತಿದ್ದೆವು. ನಿನ್ನ ಸರದಿಯಲ್ಲಿ ಗಾಡಿ ಗೋಡೆಗೆ ಬಡಿದು ನಿಂತಿತು. ಭಾಯಿಯ ದೋಸ್ತರು ಬಾಗಿಲಲ್ಲಿ ನಿಂತು ನಕ್ಕರು. ಅದಕ್ಕೇ ಸಿಟ್ಟಾಗಿ ಹೋದೆ ಎಂದು ನಾನು ತಿಳಿದುಕೊಂಡಿದ್ದೇನೆ.

ಈಗ ಬರೆಯುವ ಕಾರಣ ಇದು. ನವಂಬರ ಕೊನೆಯ ಶನಿವಾರ ಅದೇ ಓಟ ಮತ್ತೆ ಇದೆ. ಅದೇ ಕಾಡಿನ ನಡುವಿನ ಟ್ರ್ಯಾಕು, ಮಧ್ಯಾಹ್ನ ಎರಡರಿಂದ ರಾತ್ರಿ ಎಂಟರವರೆಗೆ. ಒಂದು ಗಾಡಿಗೆ ಇಬ್ಬರು. ಇಬ್ಬರಲ್ಲಿ ಒಬ್ಬರೂ ಕಾಲು ಭಾಗಕ್ಕಿಂತ ಕಡಿಮೆ ಓಡಿಸುವಂತಿಲ್ಲ, ಕಡಿಮೆಯಾದರೆ ಗಾಡಿ ಲೆಕ್ಕಕ್ಕೇ ಇಲ್ಲ. ನನಗೆ ನೀನು ಬಿಟ್ಟರೆ ಯಾರಿದ್ದಾರೆ? ಭಾಯಿಗೆ ಗಿರಾಕಿಗಳನ್ನು ನೋಡಬೇಕು. ಅವನ ದೋಸ್ತರ ಜೊತೆ ನಾನು ಕೂರುವುದಿಲ್ಲ.

ಗಾಡಿ ಹೊಂದಿಸಲು ಶುರು ಮಾಡಿದ್ದೇನೆ. ಗಾಳಿಯಿಂದ ಗಾಡಿಯನ್ನು ನೆಲಕ್ಕೆ ಒತ್ತುವ ಹಿಂದಿನ ರೆಕ್ಕೆ ಇಳಿಸಿದೆ, ನೇರ ದಾರಿಯಲ್ಲಿ ಬಾಣದ ಹಾಗೆ ಹೋಗುತ್ತದೆ. ಬ್ರೇಕು ಹಿಂದಿನ ಗಾಲಿಗಳಿಗೆ ಹೆಚ್ಚು ಕೊಟ್ಟೆ, ತಿರುವಿನಲ್ಲಿ ಮೂತಿ ಚೆನ್ನಾಗಿ ಒಳಗೆ ಹೋಗುತ್ತದೆ. ಐದು ಸುತ್ತು ಓಡಿಸಿದೆ. ಭಾಯಿಗಿಂತ ಬೇಗ ಬಂದೆ.

ಬರುತ್ತೀಯಾ?

ನಿನ್ನ ರುಖ್ಸಾರ

*

ಡಾಬಕಾ
29 ಆಗಸ್ಟ್ 2024

ರುಖ್ಸಾರಳಿಗೆ ಸಿದ್ದೇಶ್ವರಿಯ ಆಶೀರ್ವಾದ.

ನಿನ್ನ ಪತ್ರ ಅತ್ತೆಯ ಕೈಗೇ ಸಿಕ್ಕಿತು. ನಮ್ಮ ಅತ್ತೆ ಹೀರಾಬಾಯಿಗೆ ಓದಲು ಬಾರದು, ಆದರೆ ಪತ್ರವನ್ನು ತಿರುವಿ ಮುರುವಿ ನೋಡಿ, “ಬೀದರದ್ದು ಅದಲ್ಲ? ಆ ಕುರ್ಚಿ ಮನಿಯವರದು” ಎಂದರು. ಹೇಗೆ ಗೊತ್ತಾಯಿತೋ. ಹೌದು ಎಂದೆ. ರೊಟ್ಟಿ ಬಡಿಯುವ ಸಪ್ಪಳ ಜೋರಾಯಿತು.

ಗೋಡೆಗೆ ಬಡಿದದ್ದಕ್ಕೆ ನಾನು ಹೋಗಲಿಲ್ಲ. ಅದೊಂದು ತಿಳಿದುಕೊ. ಉಳಿದದ್ದು ಕೇಳಬೇಡ.

ಬರುತ್ತೇನೋ ಇಲ್ಲವೋ ಈಗ ಹೇಳಲಾರೆ. ಆದರೆ ನೀನು ಹೊಂದಿಸಿದ ಗಾಡಿಯ ಬಗ್ಗೆ ಹೇಳುತ್ತೇನೆ. ಅದು ಐದು ಸುತ್ತಿನ ಗಾಡಿ. ಹೋದ ವರ್ಷವೂ ನೀನು ಹಾಗೇ ಮಾಡಿದ್ದೆ. ಮುಂಜಾನೆ ಚಹಾ ಕುಡಿದು, ಮುಖ ತೊಳೆದುಕೊಂಡು ಕೂತು, ಐದು ಸುತ್ತು ಓಡಿಸಿ “ಛಲೋ ಅದ” ಎಂದು ಎದ್ದುಬಿಡುತ್ತಿದ್ದೆ. ನಾನು ಕೂರುವುದು ನೀನು ಎದ್ದ ಮೇಲೆ. ಆಗ ಟೈರು ಸವೆದಿರುತ್ತವೆ, ಕೈ ಸೋತಿರುತ್ತವೆ, ಸೇತುವೆ ದಾಟಿದ ಮೇಲಿನ ಇಳಿಜಾರಿನ ಎಡ ತಿರುವಿನಲ್ಲಿ ಬ್ರೇಕು ಮುಟ್ಟಿದರೆ ಹಿಂಭಾಗ ಬಾಲ ಹೊಡೆದಂತೆ ಹೊರಳುತ್ತದೆ.

ಒಂದು ಕೆಲಸ ಮಾಡು. ಮುಂಜಾನೆ ಕೂರಬೇಡ. ದಾದಿಗೆ ಸ್ನಾನ ಮಾಡಿಸಿ, ಅವಳ ಹಾಸಿಗೆ ಬಟ್ಟೆ ಒಗೆದು, ಮನೆಯವರಿಗೆಲ್ಲ ಊಟಕ್ಕೆ ಬಡಿಸಿದ ಮೇಲೆ ಕೂತು ನೋಡು. ನಿನಗೆ ಎದ್ದು ಹೋಗಿ ಮಲಗಬೇಕು ಅನ್ನಿಸಿದಾಗ ಗಾಡಿ ಹೇಗಿದೆ ಎಂದು ಬರೆ.

ಆಡುಗಳಿಗೆ ತೊಪ್ಪಲು ತರಲು ಹೋಗಬೇಕು. ಇಲ್ಲಿಗೆ ಮುಗಿಸುತ್ತೇನೆ.

ಸಿದ್ದೇಶ್ವರಿ

*

ಚಿದ್ರಿ, ಬೀದರ
15 ಸಪ್ಟಂಬರ್ 2024

ಸಿದ್ದಕ್ಕನಿಗೆ ಸಲಾಮು.

ನೀನು ಹೇಳಿದ ಹಾಗೆ ಮಾಡಿದೆ. ಈ ವಾರ ದಾದಿಗೆ ಹೊಟ್ಟೆ ಸರಿ ಇರಲಿಲ್ಲ. ದಿನಾ ಗೋಧಡಿ ಒಗೆಯುವುದೇ ಆಯಿತು. ಒದ್ದೆ ಗೋಧಡಿ ಹಿಂಡಿ ಮಾಳಿಗೆಗೆ ಹೊತ್ತು ಹಾಕಿ ಬಂದು ಕೂತೆ. ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಅರ್ಧ ತಾಸು ಓಡಿಸಿದೆ.

ಅಕ್ಕಾ, ಅದು ನಾನು ಹೊಂದಿಸಿದ ಗಾಡಿಯೇ ಅಲ್ಲ. ಮುಂಜಾನೆ ಯಾವುದು ಚುರುಕು ಅನ್ನಿಸಿತ್ತೋ ಅದೇ ಈಗ ಚೇಷ್ಟೆ ಅನ್ನಿಸಿತು. ಕ್ಷಣ ಮೈಮರೆತರೆ ಸಾಕು, ಹಿಂಭಾಗ ಹೊರಬೀಳುತ್ತದೆ. ಇಳಿಜಾರಿನ ಆ ತಿರುವಿನಲ್ಲಿ ನಾನೂ ಗೋಡೆಗೆ ಹೋದೆ, ನೀನು ಹೋದ ಜಾಗಕ್ಕೇ.

ಆಮೇಲೆ ದಿನಾ ದಣಿದ ಮೇಲೆಯೇ ಕೂತು ಒಂದೊಂದೇ ಬದಲಿಸಿದೆ. ಹಿಂದಿನ ರೆಕ್ಕೆ ಎತ್ತಿದೆ. ನೇರ ದಾರಿಯಲ್ಲಿ ನಿಧಾನ ಆಯಿತು, ತಿರುವಿನಲ್ಲಿ ನೆಲ ಕಚ್ಚಿಕೊಂಡು ನಿಲ್ಲುತ್ತದೆ. ಬ್ರೇಕು ಮುಂದಿನ ಗಾಲಿಗಳಿಗೆ ಸರಿಸಿದೆ. ಟೈರಿನ ಹವಾ ಶುರುವಿಗೆ ಕಡಿಮೆ ಇಟ್ಟೆ. ಬಿಸಿಯಾದ ಹಾಗೆ ಅದು ತಾನೇ ಏರುತ್ತದೆ. ಮೊದಲೇ ತುಂಬಿಟ್ಟರೆ ಅರ್ಧ ತಾಸಿಗೆ ಟೈರು ಕಲ್ಲಾಗಿ ಜಾರುತ್ತವೆ. ಇದು ನನಗೆ ಗೊತ್ತಿತ್ತು, ಆದರೆ ಐದು ಸುತ್ತಿನಲ್ಲಿ ಅದು ಬೇಕಾಗಿಯೇ ಇರಲಿಲ್ಲ.

ಭಾಯಿ ಬಂದು ಎರಡು ಸುತ್ತು ಓಡಿಸಿ ಎದ್ದ.

“ಇದೇನು ಗಾಡಿನೋ ಎಮ್ಮಿನೋ? ನೀರಾಗಿಂದ ಏಳೋದೇ ಇಲ್ಲಲ್ಲ.”

“ಎಮ್ಮಿ ಗ್ವಾಡಿಗಿ ಹಾಯಲ್ಲ ಭಾಯಿ” ಎಂದೆ.

“ಹೌ, ಹಾಯಲ್ಲ. ಎಲ್ಲಾರು ಮುಟ್ಟಿದ ಮ್ಯಾಗ ಮುಟ್ತದ.”

ನಗಲಿ. ನಿನಗೆ ಇನ್ನೇನು ಬೇಕು ಹೇಳು. ಬರುತ್ತೀಯೋ ಇಲ್ಲವೋ ಎಂದು ನಾನು ಕೇಳುವುದಿಲ್ಲ. ಗಾಡಿ ಹೇಗಿರಬೇಕು ಎಂದಷ್ಟೇ ಕೇಳುತ್ತೇನೆ.

ನಿನ್ನ ರುಖ್ಸಾರ

*

ಡಾಬಕಾ
4 ಅಕ್ಟೋಬರ್ 2024

ರುಖ್ಸಾರಳಿಗೆ ಆಶೀರ್ವಾದ.

ಹೆಸರುಕಾಳಿನ ರಾಶಿ ಮುಗಿಯಿತು. ಸೊಂಟ ನೆಟ್ಟಗಾಗುವುದಿಲ್ಲ. ಅದಕ್ಕೇ ಪತ್ರ ತಡ.

ನೀನು ಗೋಡೆಗೆ ಹೋದೆ ಎಂದು ಓದಿ ನಗು ಬಂತು. ಆಮೇಲೆ ನಗಬಾರದು ಅನ್ನಿಸಿತು.

ನನಗೆ ಬೇಕಾದದ್ದು ಕೇಳಿದೆಯಲ್ಲ, ಬರೆಯುತ್ತೇನೆ. ಸ್ಟೇರಿಂಗು ಕೈಗಳನ್ನು ಜಗ್ಗುತ್ತದಲ್ಲ, ಆ ಜಗ್ಗಾಟ ಅರ್ಧಕ್ಕೆ ಇಳಿಸು. ನನ್ನ ತೋಳಿನಲ್ಲಿ ಈಗ ಅಷ್ಟು ಶಕ್ತಿ ಇಲ್ಲ. ಕುರ್ಚಿ ಹಿಂದಕ್ಕೆ ಸರಿಯುತ್ತದೆಯೇ? ಸ್ಟೇರಿಂಗಿಗೂ ನನಗೂ ನಡುವೆ ಒಂದು ಗೇಣು ಜಾಗ ಹೆಚ್ಚು ಬೇಕು. ಪೆಟ್ರೋಲು ಪೂರಾ ತುಂಬಿಸಬೇಡ, ಅರ್ಧ ತುಂಬಿಸು. ಬೇಗ ಖಾಲಿಯಾದರೆ ಬೇಗ ನಿಲ್ಲಿಸಬೇಕಾಗುತ್ತದೆ, ನಾನು ಬೇಗ ಏಳಬಹುದು. ಮೊದಲಿನ ಹಾಗೆ ಒಂದೂವರೆ ತಾಸು ಒಂದೇ ಸಮ ಕೂರಲು ನನ್ನಿಂದ ಆಗದು. ನನ್ನ ಪಾಲು ಎರಡು ತುಂಡು ಮಾಡು. ನಡುವೆ ನಾನು ಎದ್ದು ಓಡಾಡಬೇಕು.

ಇಷ್ಟು ಕೇಳುವವಳು ಯಾಕೆ ಬರಬೇಕು ಎಂದು ನಿನಗೆ ಅನ್ನಿಸಬಹುದು. ಹೇಳುತ್ತೇನೆ. ಓಟ ಮುಗಿದ ಮೇಲೆ ಒಂದು ಪಟ್ಟಿ ಬರುತ್ತದಲ್ಲ, ಗಾಡಿಯ ಮುಂದೆ ಓಡಿಸಿದವರ ಹೆಸರು. ಅದರಲ್ಲಿ ಬರೀ ಸಿದ್ದೇಶ್ವರಿ ಎಂದು ಇರುತ್ತದೆ. ಯಾರ ಹೆಂಡತಿ, ಯಾರ ಮಗಳು ಎಂದು ಇರುವುದಿಲ್ಲ. ಹಾಗೆ ನನ್ನ ಹೆಸರೊಂದೇ ಇರುವ ಕಾಗದ ನಾನು ಇದುವರೆಗೆ ನೋಡಿಲ್ಲ. ಹೋದ ವರ್ಷ ಗೋಡೆಗೆ ಬಡಿದು ಅದು ತಪ್ಪಿತು. ಈ ಸಲ ತಪ್ಪಿದರೆ ಮುಂದೆ ನನಗೆ ಪುರಸೊತ್ತು ಸಿಗುವುದು ಯಾವಾಗಲೋ ಗೊತ್ತಿಲ್ಲ.

ಮೊದಲಿಗೇ ಬರಲಿ ಎಂದು ನಾನು ಕೇಳುವುದಿಲ್ಲ. ಕೊನೆಗೇ ಇರಲಿ. ಪಟ್ಟಿಯಲ್ಲಿ ಇರಲಿ.

ಸಿದ್ದೇಶ್ವರಿ

*

ಚಿದ್ರಿ, ಬೀದರ
17 ಅಕ್ಟೋಬರ್ 2024

ಸಿದ್ದಕ್ಕನಿಗೆ ಸಲಾಮು.

ನಿನ್ನ ಪತ್ರ ಮತ್ತೊಮ್ಮೆ ಓದುವಾಗ ಬಾಯಿ ಬಿಟ್ಟು ಓದಿದೆ. ನಾನು ಮನಸ್ಸಿನಲ್ಲಿ ಓದಿದರೆ ಅಕ್ಷರ ಕೂಡುವುದಿಲ್ಲ. ದಾದಿ ನಿದ್ದೆಯಲ್ಲಿದ್ದಾಳೆ ಎಂದುಕೊಂಡಿದ್ದೆ. ಕುರ್ಚಿ ಹಿಂದಕ್ಕೆ, ಒಂದು ಗೇಣು ಜಾಗ, ನಡುವೆ ಏಳಬೇಕು ಎನ್ನುವಲ್ಲಿಗೆ ಬಂದಾಗ ಅವಳು ಕಣ್ಣು ಮುಚ್ಚಿಕೊಂಡೇ ಹೇಳಿದಳು, “ಅಕಿ ಹೊಟ್ಟಿಲೆ ಅದಾಳ. ಇಷ್ಟು ತಿಳಿಯಲ್ಲೇನು ನಿನಗ?”

ನನಗೆ ತಿಳಿದಿರಲಿಲ್ಲ. ನಾನು ರೆಕ್ಕೆ, ಬ್ರೇಕು, ಹವಾ ಎಂದು ಬರೆದುಕೊಂಡು ಕೂತಿದ್ದೆ.

ದಾದಿ ಹೇಳಿದ್ದು ನಿಜವಾದರೆ, ಅಕ್ಕಾ, ಬರಬೇಡ. ಡಾಬಕಾದಿಂದ ಔರಾದಿಗೆ, ಅಲ್ಲಿಂದ ಬೀದರಿಗೆ, ಆ ದಾರಿಯಲ್ಲಿ ಬಸ್ಸು ಹೇಗೆ ಕುಣಿಯುತ್ತದೆ ನನಗೆ ಗೊತ್ತು. ಓಟ ಪ್ರತಿ ವರ್ಷ ಬರುತ್ತದೆ.

ಕುರ್ಚಿಗೆ ಭಾಯಿ ಹೊಸ ತೂತು ಕೊರೆದು ಕೊಟ್ಟಿದ್ದಾನೆ, ಒಂದು ಗೇಣಿಗಿಂತ ಹೆಚ್ಚೇ ಹಿಂದೆ ಸರಿಯುತ್ತದೆ. ಜಗ್ಗಾಟ ಇಳಿಸಿದ್ದೇನೆ. ಮಾಡಿಟ್ಟಿದ್ದೇನೆ ಅಷ್ಟೆ. ಬಾ ಎಂದು ಅಲ್ಲ.

ನಿನ್ನ ರುಖ್ಸಾರ

*

ಡಾಬಕಾ
3 ನವಂಬರ್ 2024

ರುಖ್ಸಾರ,

ಹೌದು. ನಾಲ್ಕನೆಯ ತಿಂಗಳು. ದಾದಿಗೆ ನನ್ನ ನಮಸ್ಕಾರ ಹೇಳು.

ನೀನು ಕೇಳದಿದ್ದರೂ ಈಗ ಹೇಳಬೇಕಾಗಿದೆ. ಹೋದ ವರ್ಷವೂ ನಾನು ಬಸುರಿದ್ದೆ. ಎರಡು ತಿಂಗಳು. ನಮ್ಮಲ್ಲಿ ಅಷ್ಟು ಬೇಗ ಯಾರಿಗೂ ಹೇಳುವುದಿಲ್ಲ, ನಿನಗೂ ಹೇಳಿರಲಿಲ್ಲ. ಓಟ ಆಗಿ ಮೂರನೆಯ ದಿನ ಹೋಯಿತು. ದವಾಖಾನೆಯ ಡಾಕ್ಟರ್‌ಬಾಯಿಯವರು, ಇದು ಯಾರಿಂದಲೂ ಆದದ್ದಲ್ಲ, ಹೀಗೆ ಎಷ್ಟೋ ಜನರಿಗೆ ಆಗುತ್ತದೆ ಎಂದರು. ಅತ್ತೆ ನಂಬಲಿಲ್ಲ. ನಿನ್ನ ಭಾಯಿ ಕುರ್ಚಿಯ ಕೆಳಗೆ ಒಂದು ಮೋಟರು ಹಚ್ಚಿದ್ದಾನಲ್ಲ, ರಸ್ತೆಯ ದಡಬಡ ಮೈಗೆ ಗೊತ್ತಾಗಲಿ ಎಂದು, ಆ ಮೋಟರಿನ ಸುದ್ದಿ ಅವರಿಗೆ ಯಾರು ಹೇಳಿದರೋ. “ಅಲ್ಲಾಡೋ ಕುರ್ಚಿ ಮ್ಯಾಲ ಕುಂತು ಕೂಸಿನ ಅಲ್ಲಾಡ್ಸಿ ಉದುರ್ಸಿದಿ” ಎಂದರು. ಮನೆಯವರ ಮುಂದೆ, ಓಣಿಯವರ ಮುಂದೆ. ಅದಕ್ಕೆ ಖೋಲಿ ಬಿಟ್ಟೆವು. ನಿನಗೆ ಹೇಳಿದರೆ ನೀನು ನಿನ್ನ ಮೇಲೆ ಹಾಕಿಕೊಳ್ಳುತ್ತಿದ್ದೆ. ಅದಕ್ಕೆ ಚಹಾ ಕುಡಿಯಲಿಲ್ಲ. ಕೂತರೆ ಬಾಯಿ ಬಿಡುತ್ತಿದ್ದೆ.

ಈಗ ಕೇಳು. ನವಂಬರ ಕೊನೆಯ ಶನಿವಾರವೇ ಬೀದರಿನಲ್ಲಿ ಸ್ಕ್ಯಾನಿಂಗು ಮಾಡಿಸಲು ಬಾ ಎಂದು ಹೇಳಿದ್ದಾರೆ. ಬಸ್ಸು ಹೇಗೂ ಹತ್ತಬೇಕು. ಕೂರಬಹುದೇ ಎಂದು ಡಾಕ್ಟರ ಬಾಯಿಗೆ ಕೇಳಿದೆ. ಆರಾಮ ಅನ್ನಿಸುವಷ್ಟು ಹೊತ್ತು ಕೂರು, ನಡುವೆ ಎದ್ದು ತಿರುಗಾಡು ಎಂದರು. ಅತ್ತೆಗೂ ಹೇಳಿದೆ, ಮುಚ್ಚಿಡಲಿಲ್ಲ. ಮೂರನೆಯ ದಿನ ಜೋಳ ಹಸನು ಮಾಡುತ್ತಾ, “ನಾನೂ ಬರ್ತೇನಿ. ಏನು ಅಲ್ಲಾಡ್ತದ ನೋಡ್ತೇನಿ” ಎಂದರು.

ಬರಬೇಡ ಎಂದು ಇನ್ನೊಮ್ಮೆ ಬರೆಯಬೇಡ. ಅದನ್ನು ಹೇಳಲು ಇಲ್ಲಿ ಬೇಕಾದಷ್ಟು ಜನ ಇದ್ದಾರೆ.

ಸಿದ್ದೇಶ್ವರಿ

*

ಚಿದ್ರಿ, ಬೀದರ
14 ನವಂಬರ್ 2024

ಸಿದ್ದಕ್ಕನಿಗೆ ಸಲಾಮು.

ನಿನ್ನ ಪತ್ರ ನಾಲ್ಕು ದಿನ ಇಟ್ಟುಕೊಂಡಿದ್ದೆ. ಭಾಯಿಗೆ ತೋರಿಸಿದೆ, ತೋರಿಸಬಾರದಿತ್ತೋ ಏನೋ. ಅವನು ನಟ್ಟು ಬಿಚ್ಚುವ ಪಾನಾ ತಂದು ಕುರ್ಚಿಯ ಕೆಳಗೆ ಮಲಗಿ ಮೋಟರು ಬಿಚ್ಚಿದ. ಎರಡನೆಯ ಕುರ್ಚಿಯದು ಇರಲಿ ಎಂದೆ, ಅದು ಗಿರಾಕಿಗಳಿಗೆ ಬೇಕು. ಮೋಟರು ಬಿಚ್ಚಿದ ಮೇಲೂ ಅವನು ಕೆಳಗೇ ಮಲಗಿದ್ದ. “ನಟ್ಟು ಬಿದ್ದದ, ಹುಡುಕಾಕತ್ತೀನಿ” ಎಂದ.

ಗಾಡಿ ತಯಾರಾಗಿದೆ. ರೆಕ್ಕೆ ಇನ್ನೂ ಒಂದು ಮೆಟ್ಟಿಲು ಎತ್ತಿದ್ದೇನೆ. ಸ್ಪ್ರಿಂಗು ಮೆತ್ತಗೆ ಮಾಡಿದೆ, ಅಂಚಿನ ಕಟ್ಟೆ ಹತ್ತಿದರೂ ಗಾಡಿ ಪುಟಿಯುವುದಿಲ್ಲ. ಸುತ್ತಿಗೆ ಮೂರು ಸೆಕೆಂಡು ನಿಧಾನ. ಆದರೆ ಮೊದಲ ಸುತ್ತೂ ಕೊನೆಯ ಸುತ್ತೂ ಒಂದೇ ಸಮ ಬರುತ್ತದೆ. ನಿನ್ನೆ ದಾದಿ ರಾತ್ರಿಯೆಲ್ಲ ಕೆಮ್ಮಿ ನಾನು ಮಲಗಿರಲಿಲ್ಲ. ಹಗಲು ಕೂತು ಒಂದು ತಾಸು ಓಡಿಸಿದೆ. ಒಂದು ಸಲವೂ ಹೊರಳಲಿಲ್ಲ.

ನೀನು ಎರಡು ಸಲ ಕೂರಬೇಕು, ಮುಕ್ಕಾಲು ಮುಕ್ಕಾಲು ತಾಸು. ಅಷ್ಟಾದರೆ ಕಾಲು ಭಾಗ ಆಗುತ್ತದೆ, ಪಟ್ಟಿಯಲ್ಲಿ ಬರುತ್ತೇವೆ. ಉಳಿದದ್ದು ನಾನು ನೋಡಿಕೊಳ್ಳುತ್ತೇನೆ.

ಬಾ.

ನಿನ್ನ ರುಖ್ಸಾರ

*

ಡಾಬಕಾ
8 ಡಿಸೆಂಬರ್ 2024

ರುಖ್ಸಾರ,

ಎಂಟು ದಿನ ಆಯಿತು. ಸಿಟ್ಟು ಇಳಿಯಲಿ ಎಂದು ಕಾದೆ. ಇಳಿಯಲಿಲ್ಲ. ಹಾಗೇ ಬರೆಯುತ್ತಿದ್ದೇನೆ.

ಸ್ಕ್ಯಾನಿಂಗಿನಲ್ಲಿ ಎಲ್ಲಾ ಸರಿ ಇದೆ ಎಂದ ಮೇಲೆ ನಿಮ್ಮ ಮನೆಗೆ ಬಂದೆ. ಮೊದಲ ಸಲ ಕೂತು ಮುಕ್ಕಾಲು ತಾಸು ಓಡಿಸಿದೆ. ಗಾಡಿ ನಾನು ಹೇಳಿದ ಹಾಗೆ ಇತ್ತು. ಇಳಿಜಾರಿನ ತಿರುವಿನಲ್ಲಿ ಕಣ್ಣು ಮುಚ್ಚಿ ಬಿಟ್ಟರೂ ಹೋಗುವ ಹಾಗೆ ಇತ್ತು. ಎದ್ದು ನಿನಗೆ ಜಾಗ ಕೊಟ್ಟು, ದಾದಿಯ ಪಕ್ಕದ ಮಂಚದ ಮೇಲೆ ಸ್ವಲ್ಪ ಬೆನ್ನು ಚಾಚುತ್ತೇನೆ, ನನ್ನ ಸರದಿಗೆ ಎಬ್ಬಿಸು ಎಂದೆ. ಹೌದೋ ಅಲ್ಲವೋ?

ಕಣ್ಣು ಬಿಟ್ಟಾಗ ಓಟ ಮುಗಿದಿತ್ತು. ನಿನ್ನ ಭಾಯಿ ಕಲೀಮ ಪರದೆ ಆರಿಸುತ್ತಿದ್ದ. ಪಟ್ಟಿಯಲ್ಲಿ ನಮ್ಮ ಗಾಡಿ ಇಲ್ಲ.

ನೀನು ನನ್ನ ಒಳ್ಳೆಯದಕ್ಕೇ ಮಾಡಿದೆ ಎಂದು ಗೊತ್ತು. ನನ್ನ ಒಳ್ಳೆಯದಕ್ಕೆ ಎಂದೇ ನನ್ನನ್ನು ಸಾಲೆ ಬಿಡಿಸಿದರು. ಒಳ್ಳೆಯದಕ್ಕೆ ಎಂದೇ ಖೋಲಿ ಬಿಡಿಸಿ ಇಲ್ಲಿಗೆ ತಂದರು. ಒಬ್ಬಳಾದರೂ ನಾನು ಹೇಳಿದ್ದನ್ನು ಹೇಳಿದ ಹಾಗೆ ಕೇಳುತ್ತಾಳೆ ಅಂದುಕೊಂಡಿದ್ದೆ. ಬ್ರೇಕು ಇಷ್ಟು, ಹವಾ ಇಷ್ಟು ಎಂದು ಬರೆದದ್ದನ್ನೆಲ್ಲ ಕೇಳಿದೆ. ಎಬ್ಬಿಸು ಎಂದದ್ದನ್ನು ಮಾತ್ರ ಬಿಟ್ಟೆ. ಅತ್ತೆ ಹೇಳಿದ್ದಕ್ಕೆ ಎಬ್ಬಿಸಲಿಲ್ಲವೇ? ನಾನು ಮಲಗಿದ್ದಾಗ ಅಲ್ಲಿ ಏನಾಯಿತು? ಅತ್ತೆ ಬಸ್ಸಿನಲ್ಲಿ ದಾರಿಯುದ್ದಕ್ಕೂ ತಮ್ಮ ಶಾಲನ್ನು ನನ್ನ ಬೆನ್ನಿಗೆ ಮಡಚಿ ಇಟ್ಟು ಕೂತಿದ್ದರು. ಕೇಳಿದರೆ ಹೇಳುವುದಿಲ್ಲ.

ಸಿದ್ದೇಶ್ವರಿ

*

ಚಿದ್ರಿ, ಬೀದರ
22 ಡಿಸೆಂಬರ್ 2024

ಸಿದ್ದಕ್ಕನಿಗೆ ಸಲಾಮು.

ಏನಾಯಿತೋ ಅದನ್ನು ಅದರಂತೆ ಬರೆಯುತ್ತೇನೆ.

ನೀನು ಓಡಿಸುವಾಗ ನಿಮ್ಮ ಅತ್ತೆ ಚೀಲ ತೊಡೆಯ ಮೇಲೆ ಇಟ್ಟುಕೊಂಡು ಬಾಗಿಲ ಹತ್ತಿರ ಕೂತದ್ದು ನಿನಗೆ ಗೊತ್ತು. ನೀನು ಒಳಗೆ ಹೋಗಿ ಮಲಗಿದ ಮೇಲೆ ನನ್ನ ಹತ್ತಿರ ಸರಿದು ಬಂದರು. ನಾನು ಹೆಡ್‌ಫೋನಿನಿಂದ ಒಂದು ಕಿವಿ ಹೊರಗಿಟ್ಟುಕೊಂಡು ಓಡಿಸುತ್ತಿದ್ದೆ.

“ಎಲ್ಲಿಗಿ ಹೊಂಟಾರವಾ ಇವರೆಲ್ಲಾ, ಇಷ್ಟು ಅವಸರದಾಗ?”

“ಎಲ್ಲಿಗೂ ಇಲ್ರಿ ಅವ್ವಾ. ತಿರುಗಿ ಇಲ್ಲಿಗೇ ಬರ್ತಾರ್ರಿ.”

“ಆರು ತಾಸು?”

“ಹೌದ್ರಿ.”

“ಗಾಣದ ಎತ್ತಿಗಿ ಕಣ್ಣ ಕಟ್ಟಿ ತಿರುಗಸ್ತಾರ. ನೀವು ಕಣ್ಣ ತಕ್ಕೊಂಡೇ ತಿರುಗ್ತೀರಲ್ಲವಾ.”

ಭಾಯಿ ನಕ್ಕ. ಅವರು ಅವನ ಕಡೆ ತಿರುಗಿದರು.

“ಏ ತಮ್ಮಾ, ಅಲ್ಲಾಡೋ ಕುರ್ಚಿ ಯಾವದು?”

ಭಾಯಿಯ ನಗು ನಿಂತಿತು. ಎರಡನೆಯ ಕುರ್ಚಿ ತೋರಿಸಿದ. “ಅಕ್ಕನ ಕುರ್ಚೀದು ಬಿಚ್ಚೀನ್ರಿ ಅವ್ವಾ. ಇದರದು ಅದರಿ.”

“ಅದರಾಗ ನಾ ಕುಂಡ್ರತೇನಿ. ಹಚ್ಚು.”

“ನಕ್ಕೊ ಅವ್ವಾ, ಬ್ಯಾಡ್ರಿ, ಬೀಳ್ತೀರಿ.”

“ಎತ್ತಿನ ಗಾಡ್ಯಾಗ ಬೀಳಲಾರದಾಕಿ ಇದರಾಗ ಬೀಳ್ತೇನಾ? ಹಚ್ಚಂದ್ರ ಹಚ್ಚು.”

ಸೀರೆ ಎತ್ತಿ ಕಟ್ಟಿಕೊಂಡು ಕೂತರು. ಭಾಯಿ ಒಂದು ಗಾಡಿ ಹಚ್ಚಿ, ಕಲ್ಲು ದಾರಿಗೆ ಬಿಟ್ಟ. ಮೋಟರು ಗುರ್ರೆಂದಿತು. ಅವರು ಎರಡೂ ಕೈಯಿಂದ ಕುರ್ಚಿಯ ಪೈಪು ಗಟ್ಟಿ ಹಿಡಿದು, ಕಣ್ಣು ಮುಚ್ಚಿ ಕೂತಿದ್ದರು.

“ಜೋರ ಮಾಡು.”

“ಇದೇ ಜೋರ್ರಿ.”

“ಇಷ್ಟೇ?”

“ಇಷ್ಟೇರಿ ಅವ್ವಾ.”

ಅವರು ಕಣ್ಣು ತೆರೆದರು. “ಇದಕ್ಕಿಂತಾ ನಮ್ಮ ಔರಾದ ಬಸ್ಸು ಕುಣಸ್ತದಲ್ಲೋ” ಎಂದರು. ಇಳಿಯಲಿಲ್ಲ. ಭಾಯಿ ಮೋಟರು ನಿಲ್ಲಿಸಿದ ಮೇಲೂ ಕೂತೇ ಇದ್ದರು. ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ ಗೊತ್ತಿಲ್ಲ, “ಯಾವದರ ಒಂದರ ಮ್ಯಾಲ ತಪ್ಪು ಹಾಕಬೇಕಾಗಿತ್ತು ನನಗ” ಎಂದರು. ಅಷ್ಟೇ. ಆ ಸುತ್ತಿನಲ್ಲಿ ನಾನು ಎಲ್ಲಿ ತಿರುಗಿಸಿದೆ, ಎಲ್ಲಿ ಬ್ರೇಕು ಹಾಕಿದೆ, ನೆನಪಿಲ್ಲ. ಗಾಡಿ ತಾನೇ ಹೋಯಿತು.

ನಿನ್ನ ಸರದಿ ಬಂತು. ಪೆಟ್ರೋಲು ಹಾಕಲು ಗಾಡಿ ನಿಲ್ಲಿಸಿ ಒಳಗೆ ಓಡಿ ಬಂದೆ. ನಿಮ್ಮ ಅತ್ತೆಯೂ ಹಿಂದೆ ಬಂದರು. ನೀನು ಗೋಡೆಯ ಕಡೆ ಮುಖ ಮಾಡಿ, ಒಂದು ಕೈ ತಲೆಯ ಕೆಳಗೆ ಇಟ್ಟು ಮಲಗಿದ್ದೆ. ಬಾಯಿ ಸ್ವಲ್ಪ ತೆರೆದಿತ್ತು.

“ಎಬ್ಬಸ್ತೀ?” ಎಂದು ಕೇಳಿದರು.

“ಅಕ್ಕ ಎಬ್ಬಿಸು ಅಂದಾಳ್ರಿ.”

“ಮನ್ಯಾಗ ಹಿಂಗ ನಿದ್ದಿ ಮಾಡಿದ್ದು ನಾ ಒಂದಿನ ನೋಡಿಲ್ಲ. ನಮಗ ಅಕಿಗಿ ಮಲಗಾಕ ಬಿಡೋದು ಬರಲ್ಲ.” ಆಮೇಲೆ, “ನಿಮ್ಮ ಆಟ ನಿಮಗ ಗೊತ್ತವಾ. ನೀ ಹೇಳಿದಂಗ” ಎಂದರು.

ಅವರು ಎಬ್ಬಿಸಬೇಡ ಎನ್ನಲಿಲ್ಲ ಅಕ್ಕಾ. ನಾನೇ ಎಬ್ಬಿಸಲಿಲ್ಲ. ಕೈ ಚಾಚಿದ್ದೆ, ಭುಜದ ತನಕ. ಮೂರು ತಿಂಗಳು ದಣಿದವರಿಗೆ ಎಂದು ಗಾಡಿ ಹೊಂದಿಸಿದೆ. ದಣಿದವಳು ಮಲಗಿದರೆ ಏನು ಮಾಡಬೇಕು ಎಂದು ಗೊತ್ತಾಗಲಿಲ್ಲ. ಭಾಯಿ ಹೊರಗಿಂದ ಕೂಗಿದ, ಹೋಗಿ ಮತ್ತೆ ನಾನೇ ಕೂತೆ. ಇನ್ನೊಂದು ಸಲ ಪೆಟ್ರೋಲಿಗೆ ನಿಂತಾಗಲೂ ನಿನ್ನನ್ನು ಎಬ್ಬಿಸಿದ್ದರೆ ಕಾಲು ಭಾಗ ತುಂಬುತ್ತಿತ್ತು. ಆಗಲೂ ನಾನೇ ಕೂತೆ. ಎಂಟು ಗಂಟೆಗೆ ಹದಿನಾಲ್ಕನೆಯವಳಾಗಿ ಗೆರೆ ದಾಟಿದೆ. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಪಟ್ಟಿ ಬಂತು. ನಮ್ಮ ಸಾಲು ಬೂದು ಬಣ್ಣಕ್ಕೆ ತಿರುಗಿ ಕೆಳಗೆ ಹೋಯಿತು, ಆಮೇಲೆ ಇರಲಿಲ್ಲ.

ನೀನು ಬರೆದದ್ದು ಖರೆ.

ನಿನ್ನ ರುಖ್ಸಾರ

*

ಮೆಹಕರ, ಭಾಲ್ಕಿ ತಾಲೂಕು
26 ಜನವರಿ 2025

ರುಖ್ಸಾರಳಿಗೆ ಆಶೀರ್ವಾದ.

ಏಳನೆಯ ತಿಂಗಳ ಕುಬಸ ಮಾಡಿ ತವರಿಗೆ ಕಳಿಸಿದ್ದಾರೆ. ಇಲ್ಲಿ ನನ್ನ ಅವ್ವ ಒಂದು ಕೊಡ ನೀರು ಎತ್ತಲು ಬಿಡುವುದಿಲ್ಲ. ಮಲಗು ಮಲಗು ಎಂದು ಮಲಗಿಸಿ ಮಲಗಿಸಿ ಬೆನ್ನು ನೋಯುತ್ತದೆ.

ನಿನ್ನ ಪತ್ರವನ್ನು ಡಾಬಕಾದಲ್ಲೇ ಓದಿದೆ. ಅತ್ತೆ ಕುರ್ಚಿಯಲ್ಲಿ ಕೂತದ್ದನ್ನು ಓದುವಾಗ ಅವರು ಎದುರಿಗೇ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ನಾನು ತಲೆ ಎತ್ತಿದೆ. ಅವರು ಎತ್ತಲಿಲ್ಲ. ಕಳಿಸುವ ದಿನ ಉಡಿ ತುಂಬುವಾಗ ಕಿವಿಯ ಹತ್ತಿರ, “ಹಿಂದ ನಾ ಅಂದದ್ದು ಮನಸಿನ್ಯಾಗ ಇಟ್ಕೋಬ್ಯಾಡ” ಎಂದರು. ಇಟ್ಟುಕೊಂಡಿದ್ದೇನೆ. ಆದರೆ ಅದು ಮೊದಲಿನಷ್ಟು ಭಾರ ಇಲ್ಲ.

ನಿನ್ನ ಮೇಲಿನ ಸಿಟ್ಟು ಇದೆ. ಎಬ್ಬಿಸಿದ್ದರೆ ನಿನಗೆ ಬೈಯುತ್ತಿದ್ದೆ, ಆದರೆ ಏಳುತ್ತಿದ್ದೆ. ಇದನ್ನು ನೆನಪಿಡು. ಅಷ್ಟು ಒಳ್ಳೆಯ ನಿದ್ದೆ ನನಗೆ ಮದುವೆಯಾದ ಮೇಲೆ ಬಂದಿರಲಿಲ್ಲ, ಅದೂ ಖರೆ. ಎರಡೂ ಖರೆ ಇದ್ದರೆ ಏನು ಮಾಡಬೇಕೋ ನನಗೂ ತಿಳಿಯದು.

ಒಂದು ಕೇಳುತ್ತೇನೆ. ಕೊನೆಯ ತಾಸಿನವರೆಗೂ ಟೈರು ಹಿಡಿದವೇ? ಮುಂದಿನ ಎಡಗಡೆಯದು ಸವೆಯುತ್ತದೆ ಎಂದು ನನಗೆ ಅನುಮಾನ ಇತ್ತು.

ಸಿದ್ದೇಶ್ವರಿ

*

ಚಿದ್ರಿ, ಬೀದರ
9 ಫೆಬ್ರವರಿ 2025

ಸಿದ್ದಕ್ಕನಿಗೆ ಸಲಾಮು.

ಹಿಡಿದವು. ಆದರೆ ನಿನ್ನ ಅನುಮಾನ ಸರಿ, ಮುಂದಿನ ಎಡಗಡೆಯದು ಕೊನೆಯ ಅರ್ಧ ತಾಸು ಸೋತಿತ್ತು. ಅದರ ಹವಾ ಇನ್ನೂ ಒಂದು ಚೂರು ಇಳಿಸಿ ನೋಡುತ್ತಿದ್ದೇನೆ. ಅವಸರ ಇಲ್ಲ.

ದಾದಿಗೆ ಈಗ ನನ್ನ ಗುರುತು ಕೆಲವು ಹೊತ್ತು ಇರುವುದಿಲ್ಲ. ಯಾರು ನೀ ಎಂದು ಕೇಳುತ್ತಾಳೆ, ಹೇಳುತ್ತೇನೆ, ಮತ್ತೆ ಕೇಳುತ್ತಾಳೆ. ನಿನ್ನ ಹೆಸರು ಮಾತ್ರ ಮರೆತಿಲ್ಲ. ಆ ಹುಡುಗಿ ಎದ್ದಳೇನು ಎನ್ನುತ್ತಾಳೆ.

ಸಪ್ಟಂಬರದಲ್ಲಿ ಇನ್ನೊಂದು ಆರು ತಾಸಿನ ಓಟ ಇದೆ. ಆಗ ನಿನ್ನ ಕೂಸಿಗೆ ಐದು ತಿಂಗಳಾಗಿರುತ್ತದೆ. ಬರಲು ಆಗುತ್ತದೋ ಇಲ್ಲವೋ ಈಗ ಹೇಳಬೇಡ. ನಾನು ಕೇಳದೆ ಒಂದು ಕೆಲಸ ಮಾಡಿದ್ದೇನೆ. ಕೇಳದೆ ಮಾಡಬೇಡ ಎಂದು ನಿನಗೆ ಅನ್ನಿಸಿದರೆ ಬರೆದು ತಿಳಿಸು, ಅಳಿಸಿಬಿಡುತ್ತೇನೆ.

ಹೆಸರು ಕೊಡುವಾಗ, ಹಸಿರು ದೀಪ ಬೀಳುವ ಹೊತ್ತಿಗೆ ಗಾಡಿಯಲ್ಲಿ ಯಾರು ಕೂತಿರುತ್ತಾರೆ ಎಂದು ಕೇಳುತ್ತಾರೆ. ಅವರು ಬರದಿದ್ದರೆ ಗಾಡಿ ಹೊರಡುವುದಿಲ್ಲ, ಜೊತೆಯವರು ಕೂತು ಓಡಿಸುವ ಹಾಗೂ ಇಲ್ಲ. ಇದುವರೆಗೆ ಅಲ್ಲಿ ನನ್ನ ಹೆಸರೇ ಇರುತ್ತಿತ್ತು. ಇವತ್ತು ಮುಂಜಾನೆ ದಾದಿಗೆ ಚಹಾ ಕುಡಿಸಿ ಬಂದು, ಅಲ್ಲಿ ಸಿದ್ದೇಶ್ವರಿ ಎಂದು ಬರೆದೆ.

ನಿನ್ನ ರುಖ್ಸಾರ